ಅದುರದ ಕೆನ್ನೆ

ಅಭಿನಯ ತರಗತಿಯಲ್ಲಿ ಪ್ರತಿವರ್ಷ ನಾನು ‘ಪಿಂಕ್ ಪ್ಯಾಂಥರ್’ ಹಾಸ್ಯಚಿತ್ರ ಸರಣಿಯಿಂದ ನಟ ಹರ್ಬರ್ಟ್ ಲೊಮ್ ಅವರ ಒಂದು ದೃಶ್ಯ ತೋರಿಸುತ್ತೇನೆ. ಲೊಮ್ ಅಭಿನಯಿಸಿದ ಪ್ಯಾರಿಸ್ಸಿನ ಪೊಲೀಸ್ ಅಧಿಕಾರಿ ಡ್ರೈಫಸ್ ಮೇಜಿನ ಹಿಂದೆ ಕುಳಿತಿದ್ದಾನೆ. ಕೈಕೆಳಗಿನ ಎಡವಟ್ಟು ಪತ್ತೇದಾರ ಕ್ಲೂಸೋನ ಹೆಸರು ಕಿವಿಗೆ ಬಿದ್ದದ್ದೇ ತಡ, ಒಂದು ಕಣ್ಣು ತನ್ನಷ್ಟಕ್ಕೆ ಅದುರತೊಡಗುತ್ತದೆ. ಉಳಿದ ಮುಖದಲ್ಲಿ ಅಧಿಕಾರಿಯ ಗತ್ತು ಹಾಗೆಯೇ ಇರುತ್ತದೆ. ವಿದ್ಯಾರ್ಥಿಗಳು ನಗುತ್ತಾರೆ. ಆಮೇಲೆ ಕನ್ನಡಿಯ ಮುಂದೆ ತಾವೂ ಕಣ್ಣು ಅದುರಿಸಲು ಹೋಗಿ ಇಡೀ ಮುಖ ಕಿವುಚುತ್ತಾರೆ. ಕಣ್ಣು ಅದುರಿಸುವುದು ಸುಲಭ. ಕೆನ್ನೆಯನ್ನು ಸುಮ್ಮನಿರಿಸುವುದು ಕಷ್ಟ.

ಲೊಮ್ ಹುಟ್ಟಿದ್ದು 1917ರಲ್ಲಿ, ಪ್ರಾಗ್‌ನಲ್ಲಿ. ಮನೆತನದ ಹೆಸರು ಪೋಸ್ಟರಿನಲ್ಲಿ ಹಿಡಿಸದಷ್ಟು ಉದ್ದ. ಅದನ್ನು ಬಿಟ್ಟು, ಜೆಕ್ ಭಾಷೆಯಲ್ಲಿ ಕಲ್ಲುಗಣಿ ಎಂಬ ಅರ್ಥವಿರುವ ಪುಟ್ಟ ಪದವನ್ನು ಇಟ್ಟುಕೊಂಡರು. ನಾಜಿ ಸೇನೆ ಪ್ರಾಗ್ ಹೊಕ್ಕ 1939ರಲ್ಲೇ ಅವರು ಇಂಗ್ಲೆಂಡ್ ಸೇರಿದರು. ಯುದ್ಧಕಾಲದಲ್ಲಿ ಬಿಬಿಸಿ ರೇಡಿಯೊದಲ್ಲೂ ದುಡಿದರು.

ಅಲ್ಲಿನ ಚಿತ್ರರಂಗದಲ್ಲಿ ಪರದೇಶಿ ಉಚ್ಚಾರಣೆಯ ನಟನಿಗೆ ಸಿಗುತ್ತಿದ್ದುದು ಹೆಚ್ಚಾಗಿ ಗೂಢಚಾರ, ಗೂಂಡಾ ಪಾತ್ರಗಳು. ಇವನು ಯಾವ ಊರಿನವನೆಂದು ಪ್ರೇಕ್ಷಕರಿಗೆ ಸ್ಪಷ್ಟವಾಗದಿದ್ದರೆ ಮಾತ್ರ ಒಂದು ಅನುಕೂಲ: ಎಲ್ಲ ಊರಿಗೂ ಸಲ್ಲಬಹುದು. 1942ರಲ್ಲಿ ಒಮ್ಮೆ, 1956ರ ‘ವಾರ್ ಅಂಡ್ ಪೀಸ್’ನಲ್ಲಿ ಮತ್ತೊಮ್ಮೆ ಲೊಮ್ ನೆಪೋಲಿಯನ್ ಆದರು. ‘ಸ್ಪಾರ್ಟಕಸ್’ನಲ್ಲಿ ಕಡಲ್ಗಳ್ಳರ ದೂತ, ‘ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ ಕ್ಯಾಪ್ಟನ್ ನೆಮೊ, ಲಂಡನ್ ರಂಗಮಂದಿರದಲ್ಲಿ ‘ದಿ ಕಿಂಗ್ ಅಂಡ್ ಐ’ ಸಂಗೀತನಾಟಕದ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ದೊರೆ. (ಪ್ರಾಗ್‌ನ ನಟ ಸಯಾಮಿನ ದೊರೆಯಾಗುವುದು ಇಂದು ನನಗೂ ಮುಜುಗರವೇ.)

ನಮ್ಮ ಕೆಲವು ವಿದ್ಯಾರ್ಥಿಗಳು ಬಂದ ಮೊದಲ ದಿನವೇ ತಮ್ಮ ಊರಿನ ಮಾತಿನ ಧಾಟಿಯನ್ನು ಅಳಿಸಿಕೊಡಿ ಎನ್ನುತ್ತಾರೆ. ಅವರಿಗೆ 1945ರ ‘ದಿ ಸೆವೆಂತ್ ವೇಲ್’ ತೋರಿಸುತ್ತೇನೆ. ಅದರಲ್ಲಿ ಲೊಮ್ ಮನೋವೈದ್ಯ. ಗೂಂಡಾನ ಬಾಯಲ್ಲಿ ಅನುಮಾನ ಹುಟ್ಟಿಸುವ ಉಚ್ಚಾರಣೆಯೇ ಇಲ್ಲಿ ನಂಬಿಕೆ ಹುಟ್ಟಿಸುತ್ತದೆ. ಮನಸ್ಸಿನ ವೈದ್ಯರು ಯೂರೋಪಿನ ಆ ಕಡೆಯಿಂದ ಬರುತ್ತಾರೆಂಬ ಭಾವನೆ ಪ್ರೇಕ್ಷಕರಲ್ಲಿ ಮೊದಲೇ ಇತ್ತು. ಮನೋವಿಶ್ಲೇಷಣೆಗೆ ಹೆಸರಾದ ವಿಯೆನ್ನಾದ ಫ್ರಾಯ್ಡ್ ಕೂಡ ಲಂಡನ್ನಿನಲ್ಲೇ, ವಲಸಿಗನಾಗಿಯೇ, 1939ರಲ್ಲಿ ತೀರಿಕೊಂಡಿದ್ದ. ಲೊಮ್ ಮಾತಿನ ಧಾಟಿಯನ್ನು ಅಳಿಸಲು ಹೋಗದೆ ವೇಗವನ್ನು ತಗ್ಗಿಸಿದರು, ಎದುರಿನವರ ಮಾತನ್ನು ಕಿವಿಗೊಟ್ಟು ಕೇಳಿದರು. ಕ್ಯಾಮೆರಾ ಅವರ ಮೇಲಿದ್ದಾಗ ಅವರು ಕೇಳುವುದೇ ಅಭಿನಯವಾಗುತ್ತದೆ. 1963ರಲ್ಲಿ ಆರಂಭವಾದ ‘ದಿ ಹ್ಯೂಮನ್ ಜಂಗಲ್’ ಟಿವಿ ಧಾರಾವಾಹಿಯಲ್ಲೂ ಅವರು ಮನೋವೈದ್ಯರೇ.

ಪೋಷಕ ನಟನ ದಿನಚರಿ ಹೇಗಿರುತ್ತದೆಂಬುದಕ್ಕೆ 1955ರ ‘ದಿ ಲೇಡಿಕಿಲ್ಲರ್ಸ್’ ನೋಡಬೇಕು. ಸಂಗೀತಗಾರರ ಸೋಗಿನಲ್ಲಿ ಅಜ್ಜಿಯೊಬ್ಬಳ ಮನೆ ಸೇರುವ ದರೋಡೆಕೋರರಲ್ಲಿ ಲೊಮ್ ಕ್ರೂರ ಮನುಷ್ಯ. ಮನೆಯೊಳಗೂ ಟೊಪ್ಪಿ ತೆಗೆಯುವುದು ಅಪರೂಪ. ಕಾರಣ ಸರಳ: ಸಯಾಮಿನ ದೊರೆಯ ಪಾತ್ರಕ್ಕಾಗಿ ತಲೆ ಬೋಳಿಸಿಕೊಂಡಿದ್ದರು. ಪರದೆಯ ಮೇಲೆ ಮಾತ್ರ ಆ ಟೊಪ್ಪಿ ಅಜ್ಜಿಗೆ ಮರ್ಯಾದೆ ಕೊಡಲೊಪ್ಪದ ಒರಟನ ಗುರುತಾಯಿತು.

ಅದೇ ಚಿತ್ರದಲ್ಲಿ ಜೊತೆಗಿದ್ದ ಪೀಟರ್ ಸೆಲ್ಲರ್ಸ್ ಮುಂದೆ ಕ್ಲೂಸೋ ಆದರು. 1964ರಿಂದ 1993ರವರೆಗೆ ಏಳು ಚಿತ್ರಗಳಲ್ಲಿ ಡ್ರೈಫಸ್ ಆದ ಲೊಮ್ ಒಮ್ಮೆಯೂ ತಾನು ಹಾಸ್ಯನಟನೆಂಬಂತೆ ನಡೆದುಕೊಳ್ಳಲಿಲ್ಲ. ಡ್ರೈಫಸ್‌ನ ಪಾಲಿಗೆ ಇದು ದುರಂತನಾಟಕ. ಚುರುಟು ಕತ್ತರಿಸಲು ಹೋಗಿ ಹೆಬ್ಬೆರಳನ್ನೇ ಕತ್ತರಿಸಿಕೊಳ್ಳುತ್ತಾನೆ. ಆ ನೋವಿನಲ್ಲಿ ತಮಾಷೆಯ ಸುಳಿವೂ ಇಲ್ಲ.

ಅದೇ ಸರಣಿಯ 1976ರ ಚಿತ್ರದಲ್ಲಿ ಅವನಿಗೆ ಹಲ್ಲುನೋವು. ದಂತವೈದ್ಯನ ವೇಷದಲ್ಲಿ ಬರುವವನು ಕ್ಲೂಸೋ. ಹಲ್ಲು ಕೀಳುವಾಗ ನೋವು ತಿಳಿಯದಿರಲೆಂದು ಕೊಡುವ ನಗೆ ಅನಿಲ ಇಬ್ಬರ ತಲೆಗೂ ಏರುತ್ತದೆ, ಕ್ಲೂಸೋನ ಮುಖದ ಬಣ್ಣ ಕರಗುತ್ತದೆ. ವೈರಿಯ ಗುರುತು ಹಿಡಿದ ಡ್ರೈಫಸ್ ಹೊಟ್ಟೆ ಹಿಡಿದು ನಗುತ್ತಲೇ, ಅವನನ್ನು ಕೊಲ್ಲಿರೆಂದು ಕೂಗುತ್ತಾನೆ. ಇದನ್ನು ನಾನು ತರಗತಿಯ ಕೊನೆಯ ದಿನಕ್ಕೆ ಉಳಿಸಿಕೊಂಡಿರುತ್ತೇನೆ. ಕನ್ನಡಿಯ ಮುಂದೆ ಇದನ್ನು ಮಾಡಿ ನೋಡಲು ಈವರೆಗೆ ಯಾರೂ ಹೋಗಿಲ್ಲ.