ಕಣ್ಣಲ್ಲಿ ಹೂ ಬೀಳುವ ಮುನ್ನ

ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ತೋಟಕ್ಕಿಳಿದವರ ಕಣ್ಣಿಗೆ ಏನಾದರೊಂದು ತಾಗುವುದು ಮಾಮೂಲು. ಸೋಗೆಯ ತುದಿ, ಹುಲ್ಲು ಕತ್ತರಿಸುವ ಮೆಷಿನ್ ಹಾರಿಸಿದ ಕಡ್ಡಿ, ಅಡಿಕೆ ಸುಲಿಯುವಾಗ ಏಳುವ ಧೂಳು. ನೀರು ಚಿಮುಕಿಸಿ, ಕಣ್ಣುಜ್ಜಿ, ಮತ್ತೆ ಕೆಲಸ. ರಾತ್ರಿ ನೋವು ಜೋರಾದರೆ ನಂದಿಬಟ್ಟಲ ಹೂವಿನ ರಸ. ಬಾಣಂತಿಯಿದ್ದ ಮನೆಯಾದರೆ ಎದೆಹಾಲು. ಮೂರನೆಯ ದಿನ ಮೆಡಿಕಲ್‌ನಿಂದ ಒಂದು ಡ್ರಾಪ್ಸ್. ವಾರ ಕಳೆದು ಕನ್ನಡಿ ನೋಡಿದರೆ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಹುಣ್ಣು ಮಾಗಿದ ಮೇಲೂ ಉಳಿಯುವ ಆ ಬಿಳಿ ಕಲೆಗೇ ಹಿರಿಯರು ‘ಕಣ್ಣಲ್ಲಿ ಹೂ ಬಿತ್ತು’ ಎನ್ನುತ್ತಿದ್ದದ್ದು.

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಕಾರ್ನಿಯಾ. ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಬೆಳಕಿಗೆ ಅಡ್ಡಿಯಾಗುತ್ತಿತ್ತು. ಆದರೆ ಅದೇ ಕಾರಣಕ್ಕೆ ರೋಗದೊಡನೆ ಹೋರಾಡುವ ರಕ್ತಕಣಗಳೂ ಅಲ್ಲಿಗೆ ತಡವಾಗಿ ತಲುಪುತ್ತವೆ. ಮೇಲ್ಪದರ ಗೀರಿದರೆ ಸಾಕು, ಮಣ್ಣಿನಲ್ಲೂ ಕೊಳೆತ ಎಲೆಯಲ್ಲೂ ಬದುಕುವ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳು ಒಳನುಗ್ಗುತ್ತವೆ. ಬ್ಯಾಕ್ಟೀರಿಯಾ ಕೊಲ್ಲುವ ಡ್ರಾಪ್ಸ್ ಇವುಗಳಿಗೆ ನಾಟುವುದಿಲ್ಲ. ಸ್ಟೀರಾಯ್ಡ್ ಬೆರೆತ ಡ್ರಾಪ್ಸ್ ಆದರೆ ಇನ್ನೂ ಕೆಟ್ಟದ್ದು: ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ನಿರಾತಂಕವಾಗಿ ಬೆಳೆಯುತ್ತದೆ. ಹುಣ್ಣನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಳ್ಳ ಯಾರೆಂದು ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ಈ ಇಡೀ ಕತೆಯಲ್ಲಿ ಅಗ್ಗದ ಭಾಗ ಇದೇ ಇರಬೇಕು.

ಮದ್ದಿನ ಹೆಸರು ನಟಮೈಸಿನ್. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕಿದ್ದು. ಚೀಸ್‌ಗೆ ಬೂಷ್ಟು ಹಿಡಿಯದಂತೆಯೂ ಇದನ್ನು ಬಳಸುತ್ತಾರೆ! ಮದುರೆಯ ಅರವಿಂದ ಕಣ್ಣಾಸ್ಪತ್ರೆ ಪಾಲ್ಗೊಂಡಿದ್ದ, 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಮೇಲೆ ಬಂದ ವೊರಿಕೊನಜೋಲ್‌ಗಿಂತ ಈ ಹಳೆಯ ಮದ್ದೇ ಮೇಲೆಂದು ತಿಳಿಯಿತು, ಅದರಲ್ಲೂ ಫ್ಯುಸೇರಿಯಂ ವಿಷಯದಲ್ಲಿ.

ತಾಪತ್ರಯ ಇರುವುದು ಲೆಕ್ಕದಲ್ಲಿ. ಒಂದು ಹನಿ ಸುಮಾರು 0.05 ಮಿಲಿಲೀಟರ್ ಎಂದುಕೊಂಡರೆ 5 ಮಿಲಿಲೀಟರಿನ ಸೀಸೆಯಲ್ಲಿ ನೂರು ಹನಿ. ಆರಂಭದಲ್ಲಿ ಹಗಲೂ ರಾತ್ರಿ ಗಂಟೆಗೊಂದು ಹನಿ ಬೇಕಾಗುತ್ತದೆ. ಸೀಸೆ ನಾಲ್ಕು ದಿನಕ್ಕೆ ಖಾಲಿ. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ಎರಡು ಹನಿ ಬಿಟ್ಟರೆ ಬೇಗ ಗುಣವಾಗುತ್ತದೆಂದು ಕೆಲವರ ನಂಬಿಕೆ. ರೆಪ್ಪೆಯ ಒಳಗೆ ಹಿಡಿಯುವುದು ಒಂದು ಹನಿಗಿಂತಲೂ ಕಡಿಮೆ; ಉಳಿದದ್ದು ಕೆನ್ನೆಯ ಮೇಲೆ ಹರಿದು ಹೋಗುವ ದುಡ್ಡು.

ಸೀಸೆಯ ಬೆಲೆಗಿಂತ ಅದರ ಸುತ್ತಲಿನ ಖರ್ಚು ದೊಡ್ಡದು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ವಾರಕ್ಕೊಮ್ಮೆ ತೋರಿಸಲು ಹೋದರೆ ಇಬ್ಬರ ಬಸ್ ಚಾರ್ಜು, ಇಬ್ಬರ ಸಂಬಳ ಕಡಿತ, ಮಧ್ಯಾಹ್ನದ ಊಟ. ರಾತ್ರಿಯಿಡೀ ಹನಿ ಬಿಡಲು ಎದ್ದು ಕೂತ ಹೆಂಡತಿ ಮರುದಿನ ಬೀಡಿ ಕಟ್ಟುವುದು ಅರ್ಧಕ್ಕರ್ಧ. 2020ರ ಕೋವಿಡ್ ಕಾಲದಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಈ 50 ಕಿಲೋಮೀಟರ್ ಎಷ್ಟು ದೂರವೆಂದು ಇಡೀ ಜಿಲ್ಲೆಗೆ ಗೊತ್ತಾಯಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಭಾರತ್ ಇದೆಯಲ್ಲ ಎನ್ನಬಹುದು. ಅದು ಆಸ್ಪತ್ರೆಗೆ ಅಡ್ಮಿಟ್ ಆದವರಿಗೆ. ಒಪಿಯಲ್ಲಿ ನೋಡಿ ಚೀಟಿ ಬರೆದು ಮನೆಗೆ ಕಳಿಸಿದವರ ಸೀಸೆಗಲ್ಲ. ಕಣ್ಣು ಪೂರಾ ಕೆಟ್ಟು ಆಪರೇಷನ್‌ವರೆಗೆ ಹೋದರೆ ವಿಮೆ, ಉಳಿಸುವ ಹನಿಗೆ ಕಿಸೆ. ವಿಚಿತ್ರ ನ್ಯಾಯ.

ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ನನಗೆ ಮತ್ತೆ ಮತ್ತೆ ನೆನಪಾಗುವುದು ಇದಕ್ಕೇ. ಹಳ್ಳಿಯ ಕಾರ್ಯಕರ್ತರು ಕಣ್ಣಿಗೆ ಬಣ್ಣದ ಪಟ್ಟಿ ತಾಗಿಸಿ, ನೀಲಿ ಟಾರ್ಚು ಹಾಕಿ ಗೀರು ಹುಡುಕಿದರು. ಸಿಕ್ಕಿದರೆ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಮುಲಾಮು, ದಿನಕ್ಕೆ ಮೂರು ಸಲ, ಮೂರು ದಿನ. ಗಾಯವಾದ 18 ಗಂಟೆಯೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ದಾಟಿ, ಎರಡನೆಯ ದಿನದೊಳಗೆ ಬಂದ 49 ಜನರಲ್ಲಿ 14 ಮಂದಿಗೆ ಆಗಿತ್ತು.

ಸಂಜೆ ನಾಲ್ಕಕ್ಕೆ ಕಡ್ಡಿ ತಾಗಿದರೆ 18 ಗಂಟೆ ಮುಗಿಯುವುದು ಮರುದಿನ ಬೆಳಿಗ್ಗೆ ಹತ್ತಕ್ಕೆ. ಅಷ್ಟರಲ್ಲಿ ಊರಿನ ಆರೋಗ್ಯ ಕೇಂದ್ರದ ಒಪಿ ಚೀಟಿಯ ಸಾಲು ಶುರುವಾಗಿರುತ್ತದೆ.