ಮೂರು ನಿಮಿಷದ ವೀಣೆ, ತೊಂಬತ್ತು ನಿಮಿಷದ ಸಿತಾರ್

ದಾವಣಗೆರೆಯ ಹಳೇ ಬಡಾವಣೆಗಳಲ್ಲಿ ಈಗ ಮನೆ ಕೆಡವಿ ಕಟ್ಟುವ ಕೆಲಸ ಜೋರಾಗಿದೆ. ಅಟ್ಟ ಖಾಲಿ ಮಾಡುವಾಗ ಹಿತ್ತಾಳೆ, ತಾಮ್ರಕ್ಕೆ ಗುಜರಿಯವರು ಒಳ್ಳೇ ಬೆಲೆ ಕೊಡುತ್ತಾರೆ. ಕ್ಯಾಸೆಟ್ ತುಂಬಿದ ರಟ್ಟಿನ ಡಬ್ಬಿಯನ್ನು ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ. ಅದು ನೇರ ಕಸದ ಗಾಡಿಗೆ ಹೋಗುತ್ತದೆ. ಆ ಡಬ್ಬಿಯಲ್ಲಿ ಬಹುಪಾಲು ಸಿನಿಮಾ ಹಾಡು, ಭಕ್ತಿಗೀತೆ ಇರುತ್ತವೆ, ನಿಜ. ಆದರೆ ನಡುನಡುವೆ ಬಾಲ್‌ಪೆನ್ನಿನಲ್ಲಿ ರಾಗದ ಹೆಸರು ಬರೆದ ಕ್ಯಾಸೆಟ್‌ಗಳೂ ಇರುತ್ತವೆ. ರೇಡಿಯೋದಿಂದ ಹಿಡಿದಿಟ್ಟ ಸಿತಾರ್, ಯಾವುದೋ ಕಚೇರಿಯಲ್ಲಿ ಮುಂದಿನ ಸಾಲಲ್ಲಿ ಕೂತು ತುಂಬಿಸಿಕೊಂಡ ಕೊಳಲು, ವೀಣೆ. ಅಂಗಡಿಯಲ್ಲಿ ಕೊಂಡ ರೆಕಾರ್ಡಿಗಿಂತ ಇವೇ ಎಷ್ಟೋ ಸಲ ಜಾಸ್ತಿ ಬೆಲೆಯುಳ್ಳವು. ಯಾಕೆ ಅಂತ ತಿಳಿಯಲು ನೂರಿಪ್ಪತ್ತು ವರ್ಷಗಳ ಕಥೆ ನೋಡಬೇಕು.

ಅದಕ್ಕೂ ಹಿಂದಿನ ನಾದ ಏನೂ ಉಳಿದಿಲ್ಲ. ದುರ್ಗದವರಿಗೆ ಭೈರವಿ ರಾಗಕ್ಕೆ ಹೆಸರಾದ ಹಾಡುಗಾರ ಭೈರವಿ ವೆಂಕಟಸುಬ್ಬಯ್ಯನವರ ಕಥೆ ಗೊತ್ತು. ತ.ರಾ.ಸು. ಅದನ್ನು ಕಾದಂಬರಿ ಮಾಡಿದರು, ಜಿ.ವಿ. ಅಯ್ಯರ್ 1975ರಲ್ಲಿ ಸಿನಿಮಾ ಮಾಡಿದರು. ಆದರೆ ಆ ಭೈರವಿ ಕಿವಿಗೆ ಹೇಗಿತ್ತು? ಕೇಳಿದವರು ತೀರಿಕೊಂಡ ಮೇಲೆ ಸಂಗೀತವೂ ಅವರ ಜೊತೆಗೇ ಹೋಯಿತು. ಎಲ್ಲ ಕಡೆಯೂ ಹಾಗೇ ಆಗುತ್ತಿತ್ತು.

ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಯಂತ್ರ ಹೊತ್ತು ಕಲ್ಕತ್ತಕ್ಕೆ ಬಂದದ್ದು 1902ರಲ್ಲಿ. ಹಾಡುಗಾರ್ತಿ ಗೌಹರ್ ಜಾನ್ ಅದಕ್ಕೆ ಹಾಡಿದ್ದು ಆಗಲೇ. ಆಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಯ ಮುಂದೆ ಕೂತು ಹಾಡಬೇಕು, ನುಡಿಸಬೇಕು. ಆ ಸದ್ದಿನ ಬಲದಿಂದಲೇ ಒಳಗಿನ ಮುಳ್ಳು ಅಲುಗಿ ಮೇಣದ ಮೇಲೆ ಗೀರು ಎಳೆಯಬೇಕು. ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ವಾದ್ಯಗಳಿಗೆ. ನಾಗಸ್ವರ, ಶಹನಾಯಿ, ಕ್ಲಾರಿನೆಟ್ ಗಟ್ಟಿ ವಾದ್ಯಗಳು, ಸಲೀಸಾಗಿ ಹಿಡಿದವು. ವೀಣೆ, ಸಿತಾರ್ ಮೆತ್ತಗಿನವು. ಅವುಗಳ ಮಂದ್ರದ, ಅಂದರೆ ಕೆಳಸ್ವರದ ತಂತಿ ಅರ್ಧ ಮಾಯ, ತಂಬೂರಿಯಂತೂ ಕೇಳುವುದೇ ಇಲ್ಲ. ಸಿತಾರಿನ ಇಮ್ದಾದ್ ಖಾನ್ 20ನೇ ಶತಮಾನದ ಆರಂಭದಲ್ಲೇ ಇಂಥ ಕೊಳವೆಗೆ ನುಡಿಸಿದರು. ಈಗ ಆ ಮುದ್ರಿಕೆ ಕೇಳಿದರೆ ಕರಕರ ಸದ್ದಿನ ಹಿಂದೆ ಎಲ್ಲೋ ದೂರದಲ್ಲಿ ಬೆರಳು ಓಡಿದ್ದು ಗೊತ್ತಾಗುತ್ತದೆ. ತಂತಿ ಎಳೆದ ಮೇಲೆ ನಾದ ನಿಧಾನಕ್ಕೆ ಕರಗುವುದುಂಟಲ್ಲ, ಸಿತಾರಿನ ಜೀವ ಇರುವುದೇ ಅಲ್ಲಿ. ಅದು ಮಾತ್ರ ಆ ಪ್ಲೇಟಿನಲ್ಲಿ ಇಲ್ಲ.

ಕಚೇರಿಯಲ್ಲೂ ಇದೇ ಪಾಡಿತ್ತು ಅನ್ನುವುದನ್ನು ಮರೆಯಬಾರದು. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿ ಮಾಡಿಕೊಂಡದ್ದು ಯಾಕೆ? ಮೈಕ್ ಇಲ್ಲದ ಸಭೆಯಲ್ಲಿ ಕೊನೇ ಸಾಲಿನವರಿಗೂ ಕೇಳಲಿ ಅಂತ. 1925ರ ಹೊತ್ತಿಗೆ ವಿದ್ಯುತ್ ಮೈಕಿನಿಂದ ಮುದ್ರಿಸುವ ಪದ್ಧತಿ ಬಂತು. ಮೆತ್ತಗಿನ ವಾದ್ಯಗಳಿಗೆ ಬಾಯಿ ಬಂದದ್ದು ಅಲ್ಲಿಂದಲೇ. ವೀಣೆ ಧನಮ್ಮಾಳ್ ಅವರ ಇಳಿವಯಸ್ಸಿನ ಮುದ್ರಿಕೆಗಳು ನಮಗೆ ಕೇಳಸಿಗುವುದೂ ಈ ಮೈಕಿನ ಪುಣ್ಯದಿಂದ.

ಸದ್ದಿನ ತಾಪತ್ರಯ ಹೀಗೆ ತೀರಿತು. ಹೊತ್ತಿನ ತಾಪತ್ರಯ ಹಾಗೇ ಉಳಿಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ ಹಿಡಿದರೆ ಹೆಚ್ಚು. ಹನ್ನೆರಡು ಇಂಚಿನದಕ್ಕೆ ನಾಲ್ಕರ ಮೇಲೆ ಸ್ವಲ್ಪ. ಹಾಡಿಗೆ ಹೇಗೋ ಹೊಂದುತ್ತದೆ. ಪಲ್ಲವಿ, ಒಂದು ಚರಣ, ಮುಗೀತು. ತನಿಯಾಗಿ ನುಡಿಸುವವರಿಗೆ ಹಾಗಲ್ಲ. ಅವರ ಕೈಯಲ್ಲಿ ಸಾಹಿತ್ಯ ಇಲ್ಲ, ರಾಗ ಒಂದೇ ಬಂಡವಾಳ. ತಾಳವಿಲ್ಲದ ನಿಧಾನದ ಆಲಾಪ, ಲಯ ಸೇರುವ ಜೋಡ್, ವೇಗದ ಝಾಲಾ ಅಂತ ಒಂದೊಂದೇ ಮೆಟ್ಟಿಲು ಹತ್ತಬೇಕು. ವೈಣಿಕರಿಗೆ ತಾನ, ಅಂದರೆ ತಾಳವಿಲ್ಲದೆ ಲಯದಲ್ಲಿ ರಾಗ ಬೆಳೆಸುವ ಭಾಗ, ನುಡಿಸಲು ಜಾಗ ಬೇಕು. ಮೂರು ನಿಮಿಷದಲ್ಲಿ ಅದೆಲ್ಲ ಎಲ್ಲಿಂದ ಬರಬೇಕು? ಕೆಲವರು ಅಷ್ಟರಲ್ಲೇ ಅದ್ಭುತ ಮಾಡಿದರು. ನಾಗಸ್ವರದ ಟಿ.ಎನ್. ರಾಜರತ್ನಂ ಪಿಳ್ಳೆಯವರ ತೋಡಿ ಪ್ಲೇಟು ದಕ್ಷಿಣ ಭಾರತದಲ್ಲೆಲ್ಲ ಹೆಸರಾಯಿತು. ಆದರೆ ಅದು ಅವರು ಊರ ಬೀದಿಯಲ್ಲಿ ರಾತ್ರಿಯೆಲ್ಲ ನುಡಿಸುತ್ತಿದ್ದ ತೋಡಿಯ ಒಂದು ತುಣುಕು. ಮೈಸೂರಿನ ವೀಣೆ ಶೇಷಣ್ಣನವರು ತೀರಿಕೊಂಡದ್ದು 1926ರಲ್ಲಿ. ಒಂದು ರಾಗ ತಾನ ಪಲ್ಲವಿ ಪೂರ್ತಿ ಹಿಡಿಯುವ ಯಂತ್ರ ಬರುವುದರೊಳಗೆ ಅವರೇ ಹೋಗಿದ್ದರು.

ಯುರೋಪಿನವರಿಗೂ ಇದೇ ಕಷ್ಟ ಇತ್ತು. ಬೀಥೊವನ್ನನ ಒಂದು ಪಿಯಾನೋ ಸೊನಾಟ (ಹಲವು ಭಾಗಗಳ ದೀರ್ಘ ರಚನೆ) ಎಷ್ಟೋ ಪ್ಲೇಟುಗಳಿಗೆ ಹರಿದು ಹಂಚಿಹೋಗುತ್ತಿತ್ತು. ಅಷ್ಟು ದುಡ್ಡು ಹಾಕಿ ಕೊಳ್ಳುವವರು ಯಾರು? ಅದಕ್ಕೆ ಅವರು ಕಂಡುಕೊಂಡ ದಾರಿ ಮುಂಗಡ ಚಂದಾ. ಆಸಕ್ತರು ಮೊದಲೇ ದುಡ್ಡು ಕಟ್ಟಬೇಕು, ಸಾಕಷ್ಟು ಜನ ಸೇರಿದರೆ ಕಂಪನಿ ಮುದ್ರಿಸುತ್ತದೆ. ಹೀಗೆ 1932ರಿಂದ 1935ರವರೆಗೆ ಪಿಯಾನೋ ವಾದಕ ಆರ್ಟುರ್ ಶ್ನಾಬೆಲ್ ಬೀಥೊವನ್ನನ 32 ಸೊನಾಟಗಳನ್ನೂ ನುಡಿಸಿ ಮುಗಿಸಿದರು. ಪಾಬ್ಲೊ ಕಸಾಲ್ಸ್ 1936ರಿಂದ 1939ರವರೆಗೆ ಬಾಖ್ ಚೆಲ್ಲೊ ಎಂಬ ದೊಡ್ಡ ಪಿಟೀಲಿನಂಥ ವಾದ್ಯಕ್ಕೆ ಬರೆದ ಆರು ‘ಸ್ವೀಟ್’ (ನೃತ್ಯದ ತುಣುಕುಗಳ ಗುಚ್ಛ) ಮುದ್ರಿಸಿದರು. ಒಬ್ಬ ಮನುಷ್ಯ, ಒಂದು ವಾದ್ಯ, ಜೊತೆಗೆ ಯಾರೂ ಇಲ್ಲ. ಇವತ್ತಿಗೂ ಚೆಲ್ಲೊ ಕಲಿಯುವವರು ಆ ಮುದ್ರಿಕೆಯನ್ನು ಎದುರಿಗಿಟ್ಟುಕೊಂಡೇ ಕಲಿಯುತ್ತಾರೆ.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ, ಅದು ಇಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ರಷ್ಯದ ನಿಕೊಲಾಯ್ ಮೆಟ್ನರ್ ಪಿಯಾನೋ ವಾದಕ, ಸಂಗೀತ ರಚನಕಾರ. ಕೊನೆಗಾಲದಲ್ಲಿ ಲಂಡನ್ನಿನಲ್ಲಿ ಕೈಯಲ್ಲಿ ಕಾಸಿಲ್ಲದೆ, ಕಾಯಿಲೆಯಲ್ಲಿ ದಿನ ತಳ್ಳುತ್ತಿದ್ದರು. ಅವರ ಸಂಗೀತವನ್ನು ಮೆಚ್ಚಿಕೊಂಡಿದ್ದವರು ಮೈಸೂರು ಮಹಾರಾಜ ಜಯಚಾಮರಾಜ ಒಡೆಯರ್. ಸ್ವತಃ ಪಿಯಾನೋ ಕಲಿತವರು, ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದವರು. 1940ರ ದಶಕದ ಕೊನೆಯಲ್ಲಿ ಅವರು ಕೊಟ್ಟ ದುಡ್ಡಿನಿಂದ ಮೆಟ್ನರ್ ಸೊಸೈಟಿ ಎದ್ದಿತು. ಮೆಟ್ನರ್ ತಮ್ಮ ಪಿಯಾನೋ ಕಾನ್ಸರ್ಟೊ (ವಾದ್ಯವೃಂದದ ಜೊತೆ ನುಡಿಸುವ ರಚನೆ) ಮೂರನ್ನೂ, ಇನ್ನೂ ಎಷ್ಟೋ ರಚನೆಗಳನ್ನೂ ತಾವೇ ನುಡಿಸಿ ಮುದ್ರಿಸಿದರು. ಮೂರನೇ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು. ಆ ಸೊಸೈಟಿ ಇಲ್ಲದಿದ್ದರೆ ಆ ಬೆರಳುಗಳ ನುಡಿತ ಇಷ್ಟು ತುಂಬಾಗಿ ನಮಗೆ ಸಿಗುತ್ತಿರಲಿಲ್ಲ. ಚಿತ್ರದುರ್ಗ, ದಾವಣಗೆರೆ ಆಗ ಮೈಸೂರು ಸಂಸ್ಥಾನಕ್ಕೇ ಸೇರಿದ್ದವು. ಈ ಸೀಮೆಯನ್ನು ಆಳಿದ ದೊರೆ ಒಬ್ಬ ರಷ್ಯನ್ ಕಲಾವಿದನ ಕೊನೆಯ ದಿನಗಳನ್ನು ಉಳಿಸಿಕೊಟ್ಟರು ಅನ್ನುವುದು ನನಗೆ ಬಹಳ ಹೆಮ್ಮೆಯ ಸಂಗತಿ. ಜೊತೆಗೆ ಒಂದು ಕೊರಗೂ ಇದೆ. ನಮ್ಮ ವೈಣಿಕರ ಹೆಸರಲ್ಲೂ ಇಂಥದೊಂದು ಸೊಸೈಟಿ ಎದ್ದಿದ್ದರೆ ಏನೇನು ಉಳಿದಿರುತ್ತಿತ್ತು!

1948ರಲ್ಲಿ ಎಲ್.ಪಿ. ಬಂತು, ಅಂದರೆ ನಿಧಾನಕ್ಕೆ ತಿರುಗಿ ಹೆಚ್ಚು ಹೊತ್ತು ಓಡುವ ಪ್ಲೇಟು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ. 1955ರಲ್ಲಿ ಸರೋದಿನ ಅಲಿ ಅಕ್ಬರ್ ಖಾನ್ ನ್ಯೂಯಾರ್ಕಿನಲ್ಲಿ ಒಂದು ಎಲ್.ಪಿ. ನುಡಿಸಿದರು, ಪಿಟೀಲಿನ ಯೆಹೂದಿ ಮೆನುಹಿನ್ ಅದಕ್ಕೆ ಮುನ್ನುಡಿಯ ಮಾತಾಡಿದರು. ಒಂದು ಮಗ್ಗುಲಿಗೆ ಒಂದೇ ರಾಗ. ತಬಲಾ ಚತುರ್ ಲಾಲ್. ಹಿಂದೂಸ್ತಾನಿ ವಾದ್ಯವೊಂದು ಉಸಿರಾಡಲು ಜಾಗ ಸಿಕ್ಕಿದ ಮೊದಲ ಎಲ್.ಪಿ. ಅದು.

ಪಕ್ಕವಾದ್ಯಗಳ ಹಣೆಬರಹ ಬದಲಾದದ್ದೂ ಹೆಚ್ಚುಕಮ್ಮಿ ಇದೇ ಹೊತ್ತಿಗೆ. ಹಾಡುಗಾರರ ಹಿಂದೆ ಕೂರುತ್ತಿದ್ದ ಸಾರಂಗಿಯನ್ನು ರಾಮ್ ನಾರಾಯಣ್ ತನಿಯಾಗಿ ವೇದಿಕೆಗೆ ತಂದರು. ಕಾಶ್ಮೀರದಲ್ಲಿ ಸೂಫಿ ಹಾಡಿಗೆ ಸಾಥ್ ಕೊಡುತ್ತಿದ್ದ ಸಂತೂರನ್ನು ಶಿವಕುಮಾರ್ ಶರ್ಮ ರಾಗಕ್ಕೆ ಒಗ್ಗಿಸಿದರು. ಪನ್ನಾಲಾಲ್ ಘೋಷ್ ಉದ್ದನೆ ಬಿದಿರಿನ ಕೊಳಲು ಮಾಡಿಕೊಂಡು ಮಂದ್ರದಲ್ಲಿ ಆಲಾಪ ನುಡಿಸಿದರು. ಮೈಕ್ ಇಲ್ಲದಿದ್ದರೆ ಸಂತೂರಿನ ಸಣ್ಣ ಸದ್ದು ಸಾವಿರ ಜನರ ಸಭೆಗೆ ಮುಟ್ಟುತ್ತಿತ್ತೇ? ಎಲ್.ಪಿ. ಇಲ್ಲದಿದ್ದರೆ ಊರೂರಿಗೆ ಹೋಗುತ್ತಿತ್ತೇ? ಇದು ಬರೀ ಕಲಾವಿದರ ಸಾಹಸವಲ್ಲ, ಯಂತ್ರದ ಪಾಲೂ ಇದರಲ್ಲಿ ದೊಡ್ಡದು ಅಂತ ನನ್ನ ಎಣಿಕೆ.

ದಾವಣಗೆರೆಗೆ ಇದೆಲ್ಲ ತಲುಪಿದ್ದು ಮಾತ್ರ ಎಲ್.ಪಿ.ಯಿಂದಲ್ಲ, ರೇಡಿಯೋದಿಂದ. ರೆಕಾರ್ಡ್ ಪ್ಲೇಯರ್ ಇದ್ದದ್ದು ಅನುಕೂಲಸ್ಥರ ಕೆಲವೇ ಮನೆಗಳಲ್ಲಿ. ರೇಡಿಯೋ ವಿಚಾರದಲ್ಲಿ ಈ ಊರಿನ ಜಾಗವೇ ವಿಶೇಷ. ಪಕ್ಕದ ಹರಿಹರದ ತುಂಗಭದ್ರೆ ಒಂದು ಕಾಲಕ್ಕೆ ಗಡಿ. ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ್ಯ. ಈಚೆ ಕಡೆ ಕರ್ನಾಟಕ ಸಂಗೀತ, ಆಚೆ ಧಾರವಾಡದ ಹಿಂದೂಸ್ತಾನಿ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. 1955ರಲ್ಲಿ ಮೈಸೂರಿನ ನಿಲಯ ಬೆಂಗಳೂರಿಗೆ ಬಂತು. 1965ರಲ್ಲಿ ಭದ್ರಾವತಿ. ನಡುವೆ ಇರುವ ದಾವಣಗೆರೆಯಲ್ಲಿ ಮುಳ್ಳು ಸ್ವಲ್ಪ ಆಚೀಚೆ ತಿರುಗಿಸಿದರೆ ಎರಡೂ ಲೋಕ. ಧಾರವಾಡ ಹಾಕಿದರೆ ಬಾಲೇಖಾನರ ಸಿತಾರ್. ಅವರ ತಾತ ಸಿತಾರ್ ರತ್ನ ರಹಿಮತ್ ಖಾನ್ ಧಾರವಾಡದಲ್ಲಿ ನೆಲೆ ನಿಂತು ಆ ಸೀಮೆಗೆ ಸಿತಾರಿನ ಹುಚ್ಚು ಹಿಡಿಸಿದವರು. ಬೆಂಗಳೂರು ಹಾಕಿದರೆ ಅದೇ ನಿಲಯದಲ್ಲಿ ಕೆಲಸ ಮಾಡುತ್ತಿದ್ದ ದೊರೆಸ್ವಾಮಿ ಅಯ್ಯಂಗಾರರ ವೀಣೆ, ಅವಸರ ಅಂದರೇನು ಅಂತಲೇ ಗೊತ್ತಿಲ್ಲದ ಮೈಸೂರು ಬಾನಿ. ಶನಿವಾರ ರಾತ್ರಿ ದೆಹಲಿಯಿಂದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. ಅದು 1952ರಲ್ಲಿ ಶುರುವಾದದ್ದು. ಹಿಂದೂಸ್ತಾನಿಯೋ ಕರ್ನಾಟಕವೋ ಅಂತ ಪಕ್ಷ ಕಟ್ಟದೆ ಎರಡನ್ನೂ ಕೇಳುವ ಗುಣ ಈ ಭಾಗದ ಹಳೇ ಕೇಳುಗರಲ್ಲಿ ಇವತ್ತಿಗೂ ಕಾಣುತ್ತದೆ.

ಶಾಸ್ತ್ರೀಯ ಸಂಗೀತದ ಗಂಧ ಇಲ್ಲದವರಿಗೂ ಒಂದು ವಾದ್ಯದ ತನಿ ತಲುಪಿಸಿದ್ದು 1977ರ ಸಿನಿಮಾ ಸನಾದಿ ಅಪ್ಪಣ್ಣ. ರಾಜ್‌ಕುಮಾರ್ ಕೈಯಲ್ಲಿ ಶಹನಾಯಿ, ಅದರ ಹಿಂದಿನ ಉಸಿರು ಬಿಸ್ಮಿಲ್ಲಾ ಖಾನರದು. ಆಮೇಲೆ ಬಿಸ್ಮಿಲ್ಲಾ ಕ್ಯಾಸೆಟ್ ಹಾಕದ ಮದುವೆ ಮಂಟಪವೇ ಇಲ್ಲ ಅನ್ನುವಂತಾಯಿತು. ವಾಲಗದವರಿಗೆ ಅದರಿಂದ ಪೆಟ್ಟು ಬಿದ್ದದ್ದೂ ನಿಜ.

1980ರ ದಶಕದಲ್ಲಿ ಟು ಇನ್ ಒನ್ ಮನೆಮನೆಗೆ ಬಂತು. ರೇಡಿಯೋ, ಟೇಪ್ ಒಂದೇ ಪೆಟ್ಟಿಗೆಯಲ್ಲಿ. ಕೇಳುಗನ ಕೈಗೆ ಮೊದಲ ಸಲ ಮುದ್ರಿಸುವ ಅಧಿಕಾರ ಸಿಕ್ಕಿದ್ದು ಆಗ. ಕಾರ್ಯಕ್ರಮ ಶುರುವಾಗುವ ಮೊದಲೇ ಖಾಲಿ ಕ್ಯಾಸೆಟ್ ಹಾಕಿ, ಟೇಪಿನ ಆರಂಭದ ಖಾಲಿ ತುದಿಯನ್ನು ಪೆನ್ಸಿಲಿನಿಂದ ಸುತ್ತಿ ದಾಟಿಸಿ, ಕೆಂಪು ಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಒಟ್ಟಿಗೆ ಒತ್ತಬೇಕು. ತೊಂಬತ್ತು ನಿಮಿಷದ ಕ್ಯಾಸೆಟ್ ಆದರೆ ಒಂದು ಮಗ್ಗುಲಿಗೆ ನಲವತ್ತೈದು ನಿಮಿಷ. ಝಾಲಾ ಏರುವ ಹೊತ್ತಿಗೇ ಟಕ್ ಅಂತ ನಿಲ್ಲುತ್ತದೆ. ಗಡಿಬಿಡಿಯಲ್ಲಿ ತಿರುವಿ ಹಾಕುವಷ್ಟರಲ್ಲಿ ತಾಳದ ಕೆಲವು ಸುತ್ತು ಹೋಯಿತು. ಇಂಥ ಕ್ಯಾಸೆಟ್‌ಗಳಲ್ಲಿ ಆ ಕತ್ತರಿ ಬಿದ್ದ ಜಾಗ, ಅಡುಗೆಮನೆಯ ಪಾತ್ರೆ ಸದ್ದು, ಕೊನೆಗೆ ಉದ್ಘೋಷಕರ ದನಿ ಎಲ್ಲ ಇರುತ್ತವೆ. ಇಷ್ಟೆಲ್ಲ ಊನ ಇದ್ದರೂ ರಾಗ ಪೂರ್ತಿ ಇರುತ್ತದೆ.

ಕೆಲವು ದೊಡ್ಡ ಕಲಾವಿದರ ವಿಷಯದಲ್ಲಿ ಇದು ತುಂಬಾ ಮುಖ್ಯ. ಸಿತಾರಿನ ನಿಖಿಲ್ ಬ್ಯಾನರ್ಜಿ ಅವರಿಗೆ ಕೇಳುಗರಿಲ್ಲದ ಸ್ಟುಡಿಯೋ ಹಿಡಿಸುತ್ತಿರಲಿಲ್ಲ. 1986ರಲ್ಲಿ, 54ರ ವಯಸ್ಸಿನಲ್ಲೇ ಹೋದರು. ಇವತ್ತು ಅವರ ಅತ್ಯುತ್ತಮ ಅಂತ ಕೇಳುವುದೆಲ್ಲ ಬಹುಪಾಲು ಕಚೇರಿಯ ಟೇಪುಗಳು, ಅವರು ಹೋದ ಮೇಲೆ ಹೊರಬಂದವು. ಅದೇ ವರ್ಷ ತೀರಿಕೊಂಡ ಕೊಳಲಿನ ಟಿ.ಆರ್. ಮಹಾಲಿಂಗಂ ಕೂಡ ಹಾಗೇ. ಮಾಲಿ ಅಂತಲೇ ಹೆಸರಾದ ಅವರು ಯಾವತ್ತು ಹೇಗೆ ನುಡಿಸುತ್ತಾರೆ ಅಂತ ಯಾರಿಗೂ ಹೇಳಲಾಗುತ್ತಿರಲಿಲ್ಲ. ಅವರ ಒಳ್ಳೇ ದಿನಗಳು ಉಳಿದದ್ದು ಅಭಿಮಾನಿಗಳ ಟೇಪಿನಲ್ಲಿ.

ಈಗ ಫೋನಿನಲ್ಲಿ ಎಲ್ಲ ಸಿಗುತ್ತದೆ ಅನ್ನುತ್ತೇವೆ. ಸಿಗುವುದು ಕಂಪನಿಗಳು ಹಾಕಿದ್ದು ಮತ್ತು ಯಾರೋ ಪುಣ್ಯಾತ್ಮರು ಏರಿಸಿದ್ದು. ಅದರಲ್ಲೂ ಎಷ್ಟೋ ಕಡೆ ತಬಲಾ ಯಾರದು, ಮೃದಂಗ ಯಾರದು, ಯಾವ ಊರು, ಯಾವ ವರ್ಷ, ಒಂದೂ ಇಲ್ಲ. 78ರ ಪ್ಲೇಟುಗಳನ್ನು ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಡಿಜಿಟಲ್ ಮಾಡಿ ಪುಕ್ಕಟೆ ಕೇಳಲು ಇಟ್ಟಿದೆ. ನಮ್ಮ ಕಾನೂನಿನಲ್ಲಿ ಪ್ರಕಟವಾದ ಧ್ವನಿಮುದ್ರಣದ ಹಕ್ಕು 60 ವರ್ಷ. ಹಾಗಾಗಿ ಆ ಪ್ಲೇಟುಗಳ ದಾರಿ ಸಲೀಸು. ರೇಡಿಯೋದಿಂದ ತುಂಬಿಸಿಕೊಂಡದ್ದನ್ನು ಎಲ್ಲರಿಗೂ ಹಂಚುವಾಗ ಹಕ್ಕಿನ ಪ್ರಶ್ನೆ ಬರುತ್ತದೆ. ಆದರೆ ಅದು ಆಮೇಲಿನ ಮಾತು, ಮೊದಲು ಟೇಪು ಉಳಿಯಬೇಕು.

ನಮ್ಮ ಬಿಸಿಲು, ಧೂಳು, ಮಳೆಗಾಲದ ತೇವ ಟೇಪಿಗೆ ಆಗಿಬರುವುದಿಲ್ಲ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಕಿ ಕೇಳಲು ಹೋಗಬೇಡಿ. ಆ ಟೇಪೂ ಹಾಳು, ಯಂತ್ರದಿಂದ ಮುಂದಿನ ಟೇಪಿಗೂ ಅಂಟುತ್ತದೆ. ಒಳಗೆ ಟೇಪನ್ನು ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಉದುರಿದ್ದರೆ ಸದ್ದು ಮಂಕಾಗುತ್ತದೆ. ಸುರುಳಿಯನ್ನು ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿಗೆ ವರ್ಗಾಯಿಸಿದರೆ ಮತ್ತೆ ಕೇಳುತ್ತದೆ. ಕಂಪ್ಯೂಟರಿಗೆ ಇಳಿಸುವಾಗ ಎಂಪಿ3 ಬೇಡ, ವೇವ್ ಫೈಲಿನಲ್ಲಿ ಇಡಿ. ಜಾಗ ಜಾಸ್ತಿ ಹಿಡಿದರೂ ಏನೂ ಕಳೆಯುವುದಿಲ್ಲ. ಡಬ್ಬಿಯಲ್ಲಿ ಯಾವುದರಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಕೈಬರಹದ ಕ್ಯಾಸೆಟ್‌ಗಳ ಮೇಲಂಚು ನೋಡಿ. ಅಲ್ಲಿರುವ ಚಿಕ್ಕ ಪ್ಲಾಸ್ಟಿಕ್ ತುಂಡು ಮುರಿದಿದ್ದರೆ, ಇದರ ಮೇಲೆ ಇನ್ನೇನೂ ತುಂಬಬಾರದು ಅಂತ ಮನೆಯವರು ಆಗಲೇ ತೀರ್ಮಾನ ಮಾಡಿದ್ದರು ಅಂತ ಅರ್ಥ. ಅವನ್ನು ಮೊದಲು ತೆಗೆಯಿರಿ. ತುಂಬಿಸಿದ ಹಿರಿಯರು ಇನ್ನೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಹಚ್ಚಿ ಕೇಳಿಸಿ. ಯಾರ ಕಚೇರಿ, ಯಾವ ಊರು, ತಬಲಾ ಯಾರು ಅಂತ ಅವರು ಹೇಳಿದ್ದನ್ನೆಲ್ಲ ಫೈಲಿನ ಹೆಸರಲ್ಲೇ ಬರೆದಿಡಿ.