ಸೈಕಲ್ ಕನ್ನಡಿ ಮಸುಕಾದರೆ ಕಣ್ಣಿನ ನಂಬರ್ ಬದಲಿಸಬೇಡಿ

ಈಚೆಗೆ ವಾರಕ್ಕೊಬ್ಬರಾದರೂ ಬಂದು ಒಂದೇ ಬೇಡಿಕೆ ಇಡುತ್ತಾರೆ: "ಓದುವ ನಂಬರನ್ನು ಕನ್ನಡಕದ ಮೇಲಿನ ಮೂಲೆಗೂ ಹಾಕಿಕೊಡಿ." ಯಾಕೆ ಎಂದು ಕೇಳಿದರೆ ಜೇಬಿನಿಂದ ಅಂಚೆ ಚೀಟಿಗಿಂತ ತುಸು ದೊಡ್ಡದಾದ ಒಂದು ಕನ್ನಡಿ ತೆಗೆದು ಮೇಜಿನ ಮೇಲಿಡುತ್ತಾರೆ. ಕನ್ನಡಕದ ಕಡ್ಡಿಗೆ ಸಿಕ್ಕಿಸಿಕೊಂಡು, ಸೈಕಲ್ ತುಳಿಯುವಾಗ ಹಿಂದಿನ ವಾಹನ ನೋಡುವುದಕ್ಕಿರುವ ಕನ್ನಡಿ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ತರಿಸಿಕೊಟ್ಟಿರುತ್ತಾನೆ. "ಕಣ್ಣಿಗೆ ಇಷ್ಟು ಹತ್ತಿರ ಇದ್ದರೂ ಮಸುಕು. ಹತ್ತಿರದ್ದಕ್ಕೆ ಓದುವ ನಂಬರ್ ತಾನೇ ಬೇಕು?"

ಅಲ್ಲ. ಎಷ್ಟು ಸಲ ಹೇಳಿದರೂ ಮುಂದಿನ ವಾರ ಇನ್ನೊಬ್ಬರು ಬಂದು ಅದನ್ನೇ ಕೇಳುವುದರಿಂದ ಈಗ ಬರೆದೇ ಬಿಡುತ್ತಿದ್ದೇನೆ.

ನಾನು ಕಲಬುರಗಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಣ್ಣು ತಪಾಸಣೆ ಮಾಡಿ ಕನ್ನಡಕ ಕೊಡುತ್ತಿರುವವಳು. ಸೈಕಲ್ಲಿನ ಬ್ರೇಕು, ಚೈನು, ಹೆಲ್ಮೆಟ್ಟಿನ ವಿಷಯ ನನ್ನದಲ್ಲ, ಅದನ್ನು ಬಲ್ಲವರು ಹೇಳಲಿ. ಈ ಪುಟ್ಟ ಕನ್ನಡಿಯ ಬಗ್ಗೆ ನನಗೆ ತಕರಾರೂ ಇಲ್ಲ. ಅರವತ್ತು ದಾಟಿದವರ ಕುತ್ತಿಗೆ ಸಲೀಸಾಗಿ ತಿರುಗುವುದಿಲ್ಲ. ಒತ್ತಾಯದಿಂದ ಬಲಕ್ಕೆ ತಿರುಗಿಸಿದರೆ ಕೈಯೂ ಅದರ ಹಿಂದೆಯೇ ಹೋಗಿ ಸೈಕಲ್ ನಡುರಸ್ತೆಗೆ ವಾಲುತ್ತದೆ. ಬ್ಯಾಟರಿ ಆಟೊಗಳು ಬಂದ ಮೇಲೆ ಕಿವಿಯನ್ನು ನಂಬುವುದೂ ಕಷ್ಟ, ಪಕ್ಕಕ್ಕೆ ಬರುವ ತನಕ ಸದ್ದೇ ಇರುವುದಿಲ್ಲ. ಹೀಗಾಗಿ ಕನ್ನಡಿ ಇರಲಿ, ಒಳ್ಳೆಯದೇ.

ಆದರೆ ಕಣ್ಣಿಗೆ ಹತ್ತಿರವಿರುವುದು ಕನ್ನಡಿ. ನೀವು ನೋಡಬೇಕಾದ ಲಾರಿ ಹತ್ತಿರವಿಲ್ಲ.

ಮನೆಯಲ್ಲೇ ಪರೀಕ್ಷಿಸಿ ನೋಡಿ. ನಮ್ಮ ಕಡೆ ಗೋಡೆಯ ಕನ್ನಡಿಯ ಮೇಲೆ ಹೆಂಗಸರು ಅಂಟಿಸಿಟ್ಟ ಒಂದಾದರೂ ಟಿಕಳಿ ಇದ್ದೇ ಇರುತ್ತದೆ. ಒಂದು ಅಡಿ ದೂರ ನಿಂತು ಆ ಟಿಕಳಿಯನ್ನು ದಿಟ್ಟಿಸಿ. ನಿಮ್ಮ ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರ್ ಅದೇ ಕನ್ನಡಿಯಲ್ಲಿ ಕಾಣುತ್ತದೆ, ಆದರೆ ತಾರೀಕು ಓದಲಾಗುವುದಿಲ್ಲ. ಈಗ ಕ್ಯಾಲೆಂಡರ್ ಓದಲು ಹೋಗಿ, ಟಿಕಳಿ ಕದಡಿಹೋಗುತ್ತದೆ. ಗಾಜು ಒಂದೇ, ಕಣ್ಣಿನಿಂದ ಅದಕ್ಕಿರುವ ದೂರವೂ ಒಂದೇ. ಬದಲಾದದ್ದು ಕಣ್ಣಿನ ನೋಟದ ದೂರ. ಐವತ್ತು ದಾಟಿದವರು ಬೈಫೋಕಲ್ (ಮೇಲೆ ದೂರದ ನಂಬರ್, ಕೆಳಗೆ ಓದುವ ನಂಬರಿನ ಬಿಲ್ಲೆ ಇರುವ ಕನ್ನಡಕ) ಹಾಕಿಕೊಂಡು ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ: ಟಿಕಳಿ ಕೆಳಗಿನ ಬಿಲ್ಲೆಯಲ್ಲಿ ಸ್ಪಷ್ಟ, ಕ್ಯಾಲೆಂಡರ್ ಮೇಲಿನ ಭಾಗದಲ್ಲಿ.

ಮಟ್ಟಸವಾದ ಕನ್ನಡಿಯಲ್ಲಿ ವಸ್ತು ಎಷ್ಟು ಮುಂದಿದೆಯೋ ಪ್ರತಿಬಿಂಬ ಅಷ್ಟೇ ಹಿಂದಿರುತ್ತದೆ. ಇದು ಶಾಲೆಯಲ್ಲಿ ಕಲಿತದ್ದೇ. ಲಾರಿ 40 ಮೀಟರ್ ಹಿಂದೆ ಇದ್ದರೆ ನಿಮ್ಮ ಕಣ್ಣು ಅದನ್ನು ಹುಡುಕಬೇಕಾದದ್ದು 40 ಮೀಟರ್ ಆಚೆ, ಕಿವಿಯ ಮುಂದಿನ ಮೂರು ಅಂಗುಲದಲ್ಲಲ್ಲ. ಅಂದರೆ ಕನ್ನಡಿಗೆ ಬೇಕಾದದ್ದು ನಿಮ್ಮ ದೂರದ ನಂಬರ್, ಅದು ಗಾಜಿನ ಮೇಲ್ಭಾಗದಲ್ಲಿ ಈಗಾಗಲೇ ಇದೆ. ಮೇಲೂ ಕೆಳಗೂ ಓದುವ ಬಿಲ್ಲೆಯಿರುವ ಗಾಜು ಸಿಗುವುದಿಲ್ಲವೆಂದಲ್ಲ. ತಲೆಯೆತ್ತಿ ತಂತಿ, ಪೈಪು ನೋಡಿ ಕೆಲಸ ಮಾಡುವವರಿಗೆಂದು ಅದು ಬಂದದ್ದು. ಸೈಕಲ್ ಕನ್ನಡಿಗೆಂದು ಅದನ್ನು ಹಾಕಿಸಿಕೊಂಡರೆ ಲಾರಿ ಇನ್ನಷ್ಟು ಮಸುಕಾಗುತ್ತದೆ, ಲಾಭ ನನಗೊಬ್ಬಳಿಗೆ.

ಹಾಗಾದರೆ ಮಸುಕು ಯಾಕೆ? ಬಹಳ ಮಂದಿ ಕನ್ನಡಿಯನ್ನು ಕೆಳಗೆ ಸಿಕ್ಕಿಸಿರುತ್ತಾರೆ, ನೋಟ ಓದುವ ಬಿಲ್ಲೆಯ ಮೂಲಕ ಹೋಗುತ್ತದೆ. ಬಿಲ್ಲೆಯ ಗೆರೆಯಿಲ್ಲದೆ ನಂಬರ್ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಬದಲಾಗುವ ಪ್ರೊಗ್ರೆಸ್ಸಿವ್ ಗಾಜಿನಲ್ಲಂತೂ ಕೆಳಗಿನ ಅಂಚುಗಳು ಹೇಗೂ ಕಲಸಿದಂತಿರುತ್ತವೆ. ಕನ್ನಡಿಯನ್ನು ಹುಬ್ಬಿನ ಮಟ್ಟಕ್ಕೆ ಏರಿಸಿ, ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಇನ್ನು ಕೆಲವರದು ಬರೀ ಕೊಳೆ. ಬೆವರು, ಎರೆಮಣ್ಣಿನ ಧೂಳು, ಅದರ ಮೇಲೆ ಟವೆಲಿನ ತುದಿಯಿಂದ ಉಜ್ಜಿದ ಗೀರು. ನೀರು ಹಾಕಿ ತೊಳೆಯಿರಿ, ಒಣ ಬಟ್ಟೆಯಿಂದ ತಿಕ್ಕಬೇಡಿ.

ಉಬ್ಬು ಕನ್ನಡಿಯ ಮಾತು ಮಾತ್ರ ಬೇರೆ. ಇಲ್ಲಿ ನಾನು ಮೇಲೆ ಹೇಳಿದ್ದು ಪೂರ್ತಿ ನಡೆಯುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಹ್ಯಾಂಡಲ್ಲಿಗೆ ಸಿಕ್ಕಿಸುವ ದುಂಡು ಕನ್ನಡಿಗಳು ಸಾಮಾನ್ಯವಾಗಿ ಉಬ್ಬಿರುತ್ತವೆ. ಉಬ್ಬು ಕನ್ನಡಿಯಲ್ಲಿ ಲಾರಿ ಎಷ್ಟೇ ದೂರವಿರಲಿ, ಪ್ರತಿಬಿಂಬ ಕನ್ನಡಿಯ ಬೆನ್ನಿಗೇ ಅಂಟಿಕೊಂಡಿರುತ್ತದೆ. ಲೆಕ್ಕಕ್ಕೆಂದು ಒಂದು ಕನ್ನಡಿಯ ನಾಭಿದೂರ (ದೂರದ ವಸ್ತುವಿನ ಪ್ರತಿಬಿಂಬ ಕನ್ನಡಿಯ ಹಿಂದೆ ಎಷ್ಟು ದೂರಕ್ಕೆ ಕೂರುತ್ತದೋ ಅದು) 30 ಸೆಂಟಿಮೀಟರ್, ಕಣ್ಣಿನಿಂದ ಕನ್ನಡಿಗೆ 65 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಆಗ ಕಣ್ಣು ನೋಡಬೇಕಾದದ್ದು ಒಂದು ಮೀಟರಿಗೂ ತುಸು ಕಡಿಮೆ ದೂರಕ್ಕೆ. ಅರವತ್ತರ ಕಣ್ಣಿಗೆ ದೂರದ ನಂಬರಿನಲ್ಲಿ ಅದು ಕೊಂಚ ಮಸುಕೇ. ಅದೇ ಉಬ್ಬು ಕನ್ನಡಿಯನ್ನು ಕನ್ನಡಕಕ್ಕೆ ಸಿಕ್ಕಿಸಿದರೆ ಪ್ರತಿಬಿಂಬ ಪುಸ್ತಕ ಹಿಡಿಯುವ ದೂರಕ್ಕೆ ಬಂದು ಕೂರುತ್ತದೆ, ಆಗ ದೂರು ನ್ಯಾಯವಾದದ್ದು. ಆಗಲೂ ಬದಲಿಸಬೇಕಾದದ್ದು ಕನ್ನಡಿ. ಕನ್ನಡಕಕ್ಕೆ ಮಟ್ಟಸವಾದದ್ದನ್ನೇ ಕೊಳ್ಳಿ.

ಮಸುಕಿಗಿಂತ ನನಗೆ ಹೆದರಿಕೆ ಹುಟ್ಟಿಸುವುದು ಗಾತ್ರ. ಮೇಲಿನ ಲೆಕ್ಕದ ಉಬ್ಬು ಕನ್ನಡಿಯಲ್ಲಿ 50 ಮೀಟರ್ ಹಿಂದಿರುವ ಲಾರಿ ನಿಜವಾಗಿ ಕಾಣಬೇಕಾದ ಗಾತ್ರದ ಮೂರನೇ ಒಂದು ಪಾಲಿನಷ್ಟೇ ಕಾಣುತ್ತದೆ, 150 ಮೀಟರ್ ಹಿಂದೆ ಇದ್ದಂತೆ. ನೀವು ಗಂಟೆಗೆ 15 ಕಿಲೋಮೀಟರ್, ಲಾರಿ 60. ನಡುವಿನ ಅಂತರ ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ಕರಗುತ್ತದೆ. ಹನ್ನೆರಡು ಸೆಕೆಂಡ್ ಇದೆ ಎಂದು ನೀವು ಎಣಿಸಿರುತ್ತೀರಿ, ಇರುವುದು ನಾಲ್ಕು. ಎಲ್ಲ ಕನ್ನಡಿಗಳ ಉಬ್ಬೂ ಒಂದೇ ಅಲ್ಲ, ಈ ಅಂಕಿಗಳನ್ನು ಉದಾಹರಣೆಯಾಗಿ ಮಾತ್ರ ತೆಗೆದುಕೊಳ್ಳಿ. ಆದರೂ ಸೇಡಂ ಕಡೆಯಿಂದ ಬರುವ ಸಿಮೆಂಟ್ ಲಾರಿಯ ಮುಂದೆ ಲೆಕ್ಕ ತಪ್ಪಬಾರದು.

ಇನ್ನು ಎಡ ಬಲದ ವಿಷಯ. ಇಷ್ಟು ಸರಳವಾದದ್ದನ್ನು ಬರೆಯಬೇಕೇ ಎಂದು ಅಂದುಕೊಂಡಿದ್ದೆ, ಆದರೆ ಬರೆಯಲೇಬೇಕಾಗಿದೆ. ನಾವು ರಸ್ತೆಯ ಎಡಕ್ಕೆ ಹೋಗುವವರು, ವಾಹನಗಳು ನಮ್ಮನ್ನು ಬಲದಿಂದ ದಾಟುತ್ತವೆ, ಕನ್ನಡಿ ಬಲಗಡೆ ಇರಬೇಕು. ಎಷ್ಟೋ ಪ್ಯಾಕೆಟ್ಟುಗಳ ಮೇಲಿನ ಚಿತ್ರದಲ್ಲಿ ಅದು ಎಡಕ್ಕಿರುತ್ತದೆ. ಆ ದೇಶಗಳಲ್ಲಿ ರಸ್ತೆಯ ಬಲಕ್ಕೆ ಹೋಗುತ್ತಾರೆ, ಅವರಿಗೆ ಅದು ಸರಿ. ಚಿತ್ರವನ್ನು ನಂಬಿದ ನಮ್ಮ ಹಿರಿಯರೊಬ್ಬರು ಎರಡು ತಿಂಗಳು ಜನರ ಮನೆಯ ಕಾಂಪೌಂಡು, ಚರಂಡಿ, ಅದರಲ್ಲಿನ ಹಂದಿಗಳನ್ನು ಬಹಳ ಸ್ಪಷ್ಟವಾಗಿ ನೋಡಿಕೊಂಡು ಓಡಾಡಿದರು. ಮಸುಕು ಎಂದು ಮಾತ್ರ ಅವರು ದೂರಲಿಲ್ಲ.

ಕನ್ನಡಕಕ್ಕೆ ಸಿಕ್ಕಿಸಿದ ಕನ್ನಡಿ ಬಲಗಡೆ ಎಂದರೆ ಅದನ್ನು ನೋಡುವುದು ಬಲಗಣ್ಣು ಒಂದೇ. ಅಂಗಡಿಯಲ್ಲಿ ಕೂತು ಎರಡೂ ಕಣ್ಣಿನಿಂದ ಚಾರ್ಟ್ ಓದಿ "ಎಲ್ಲ ಕಾಣುತ್ತದೆ" ಎನ್ನುವವರ ಎಡಗಣ್ಣನ್ನು ಮುಚ್ಚಿದಾಗ ಕೆಲವೊಮ್ಮೆ ಬೇರೆಯೇ ಕಥೆ ಹೊರಬೀಳುತ್ತದೆ. ನಿವೃತ್ತ ಲೈನ್‌ಮನ್ ಒಬ್ಬರಿದ್ದಾರೆ. ಬಾಲ್ಯದಿಂದಲೂ ಅವರ ಬಲಗಣ್ಣು ಮಂದ. ಎಡಗಣ್ಣು ಗಟ್ಟಿಯಿದ್ದುದರಿಂದ ಅವರಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ಈ ಪುಟ್ಟ ಕನ್ನಡಿ ಅದನ್ನು ಬಯಲಿಗೆ ತಂದಿತು. "ಇಷ್ಟು ವರ್ಷ ಕಂಬ ಹತ್ತಿದ್ದು ಒಂದೇ ಕಣ್ಣಿನಲ್ಲೇ, ತಾಯಿ?" ಎಂದು ಕೇಳಿ ಬಹಳ ಹೊತ್ತು ಸುಮ್ಮನೆ ಕೂತರು. ಚಹಾ ತರಿಸಿದೆ, ಕುಡಿಯಲಿಲ್ಲ. ಅವರಿಗೆ ಹ್ಯಾಂಡಲ್ಲಿನ ಬಲತುದಿಯ ಕನ್ನಡಿಯೇ ಸರಿ, ಅದನ್ನು ಎಡಗಣ್ಣೂ ನೋಡಬಲ್ಲದು. ಬಲಗಣ್ಣಿಗೆ ಪೊರೆ ಬಂದಿದ್ದರೂ ಇದೇ ಮಾತು. ನಾನು ನಂಬರ್ ತೆಗೆಯುವವಳು, ರೋಗ ಹೇಳುವವಳಲ್ಲ. ಒಂದು ಕಣ್ಣಿನ ಮಸುಕು ಹೊಸದಾಗಿದ್ದರೆ ಕನ್ನಡಿಯ ಚಿಂತೆ ಬಿಟ್ಟು ಮೊದಲು ನೇತ್ರ ವೈದ್ಯರಲ್ಲಿಗೆ ಹೋಗಿ.

ಕನ್ನಡಕಕ್ಕೆ ಕನ್ನಡಿ ಸಿಕ್ಕಿಸಿಕೊಂಡ ಮೊದಲ ಕೆಲವು ದಿನ ಎರಡು ಚಿತ್ರ ಒಂದರ ಮೇಲೊಂದು ಬಿದ್ದಂತೆ ಅನ್ನಿಸಬಹುದು. ಒಂದು ಕಣ್ಣಿಗೆ ಮುಂದಿನ ರಸ್ತೆ, ಇನ್ನೊಂದಕ್ಕೆ ಹಿಂದಿನದು, ಮಿದುಳು ಒಪ್ಪಿಕೊಳ್ಳಲು ಸಮಯ ಬೇಡವೇ? ಅಪ್ಪನ ಕೆರೆಯ ಸುತ್ತ, ಬೆಳಗಿನ ಖಾಲಿ ರಸ್ತೆಯಲ್ಲಿ ರೂಢಿ ಮಾಡಿಕೊಳ್ಳಿ. ವಾರ ಕಳೆದರೂ ತಲೆ ಸುತ್ತಿದಂತಾದರೆ ಬಿಟ್ಟುಬಿಡಿ, ಎಲ್ಲರಿಗೂ ಅದು ಹೊಂದುವುದಿಲ್ಲ. ರಿಮ್ ಇಲ್ಲದ ತೆಳು ಫ್ರೇಮಿಗೆ ಸಿಕ್ಕಿಸಬೇಡಿ, ಕಡ್ಡಿ ಬಾಗಿ ಗಾಜಿನ ನಡುಭಾಗ ಕಣ್ಣಿನ ನೇರದಿಂದ ಸರಿಯುತ್ತದೆ. ಹಾಗೆ ಬಾಗಿದ ಫ್ರೇಮ್ ನೇರ ಮಾಡಿಕೊಡಲು ನಾನು ಹಣ ತೆಗೆದುಕೊಳ್ಳುವುದಿಲ್ಲ, ಬೈಯುತ್ತೇನೆ.

ಕೋನ ಹೊಂದಿಸುವುದನ್ನು ಸೈಕಲ್ ನಿಲ್ಲಿಸಿಯೇ ಮಾಡಿ. ಕನ್ನಡಿ ಒಂದು ಡಿಗ್ರಿ ಸರಿದರೆ ನೋಟ ಎರಡು ಡಿಗ್ರಿ ಸರಿಯುತ್ತದೆ, 30 ಮೀಟರ್ ಹಿಂದೆ ಅದು ಒಂದು ಮೀಟರ್. ಒಂದು ತಗ್ಗಿಗೆ ಇಳಿದೆದ್ದರೆ ಲಾರಿಯ ಜಾಗದಲ್ಲಿ ಬೇವಿನ ಮರ ಕಾಣುತ್ತದೆ. ಕನ್ನಡಿಯ ಒಳ ಅಂಚಿನಲ್ಲಿ ನಿಮ್ಮ ಕಿವಿಯ ತುದಿ ಒಂದು ಗೆರೆಯಷ್ಟು ಕಾಣುತ್ತಿರಲಿ, ಕೋನ ತಪ್ಪಿದರೆ ಅದರಿಂದಲೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿಗೆ ತಲೆಗೆ ಟವೆಲ್ ಸುತ್ತಿಕೊಂಡರೆ ಕನ್ನಡಿಯೂ ಅದರೊಳಗೆ ಹೋಗುತ್ತದೆ ಎಂಬುದು ನೆನಪಿರಲಿ. ಬೆಳಿಗ್ಗೆ ಆಳಂದ ರಸ್ತೆಯಲ್ಲಿ ಊರಾಚೆಗೆ ಹೊರಟರೆ ಸೂರ್ಯ ಬೆನ್ನಿಗಿರುತ್ತಾನೆ, ಕನ್ನಡಿಯಿಂದ ನೇರ ಕಣ್ಣಿಗೆ ಹೊಡೆಯುತ್ತಾನೆ. ಆ ಹೊತ್ತಿನಲ್ಲಿ ಕನ್ನಡಿ ಇದ್ದೂ ಇಲ್ಲದಂತೆ.

ಕನ್ನಡಿಯಲ್ಲಿ ಲಾರಿ ಕಂಡರೆ ಬಲಕ್ಕೆ ಸರಿಯಬೇಡಿ. ಏನೂ ಕಾಣದಿದ್ದರೆ? ಆಗಲೂ ಸರಿಯಬೇಡಿ, ಮೊದಲು ಒಮ್ಮೆ ಹೆಗಲ ಮೇಲಿಂದ ನೋಡಿ. ಪಕ್ಕಕ್ಕೇ ಬಂದುಬಿಟ್ಟಿರುವ ಬೈಕು ಯಾವ ಕನ್ನಡಿಗೂ ಸಿಗುವುದಿಲ್ಲ. ಕುತ್ತಿಗೆ ತಿರುಗುವುದೇ ಇಲ್ಲ ಎನ್ನುವವರು ಎಡಕ್ಕೆ ನಿಲ್ಲಿಸಿ, ಇಳಿದು, ಸೈಕಲ್ ನೂಕಿಕೊಂಡು ದಾಟಲಿ. ಇದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು ಅಪಾಯವಿದೆ. ಕನ್ನಡಿಯಲ್ಲಿ ಟ್ರ್ಯಾಕ್ಟರ್ ಕಾಣುತ್ತದೆ, ಪಕ್ಕಕ್ಕೆ ಬರುತ್ತದೆ, ಮುಂದೆ ಹೋಗುತ್ತದೆ. ಹೋಯಿತಲ್ಲ ಎಂದು ಸೈಕಲ್ ಬಲಕ್ಕೆ ಬರುತ್ತದೆ. ಹೋದದ್ದು ಇಂಜಿನ್ ಮಾತ್ರ. ಅದಕ್ಕಿಂತ ಅಗಲವಾದ ಎರಡು ಟ್ರೇಲರ್, ಎರಡೂ ಬದಿಗೆ ಚಾಚಿದ ಕಬ್ಬಿನ ಸಮೇತ ಇನ್ನೂ ಬರಬೇಕಿರುತ್ತದೆ.

ಮೊನ್ನೆ ಒಬ್ಬ ನಿವೃತ್ತ ಮಾಸ್ತರರು ಬಂದಿದ್ದರು. ನಂಬರ್ ಬದಲಿಸಲೇಬೇಕೆಂಬ ಹಟ. ಟಿಕಳಿ, ಕ್ಯಾಲೆಂಡರ್ ಎಲ್ಲ ಹೇಳಿದೆ. "ವಿಜ್ಞಾನ ನಾನೂ ಕಲಿಸಿದ್ದೇನೆ ತಾಯಿ, ನೀನು ನಂಬರ್ ತೆಗೆ" ಎಂದರು. ಕೊನೆಗೆ ಅವರನ್ನು ಬಾಗಿಲಿಗೆ ಬೆನ್ನು ಮಾಡಿ ಕೂರಿಸಿ, ಕನ್ನಡಿಯನ್ನು ಹುಬ್ಬಿನ ಮಟ್ಟಕ್ಕೆ ಏರಿಸಿ, ಏನು ಕಾಣುತ್ತದೆ ಎಂದು ಕೇಳಿದೆ.

"ಕಿವಿ."

"ಕಿವಿಯಾಚೆ ನೋಡಿರಿ, ಮಾಸ್ತರೇ. ರಸ್ತೆಯ ಆ ಬದಿಗೆ."

"ಮಸುಕು."

"ಕನ್ನಡಿಯನ್ನು ನೋಡಬೇಡಿರಿ. ಕಿಟಕಿಯಿಂದ ಹೊರಗೆ ನೋಡಿದ ಹಾಗೆ ಅದರೊಳಗೆ ನೋಡಿರಿ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಚಹಾದ ಅಂಗಡಿ ಇದೆ. ಬೆಂಚಿನ ಮೇಲೆ ಇಬ್ಬರು ಕೂತಿದ್ದಾರೆ. ನನ್ನ ಸೈಕಲ್ ಇದೆ. ಕ್ಯಾರಿಯರ್ ಮೇಲೆ ಪುಂಡಿಪಲ್ಯದ ಚೀಲ." ಮಾಸ್ತರರು ಇನ್ನೂ ಮುಂದಕ್ಕೆ ಬಾಗಿದರು. "ಒಂದು ಆಡು. ಕಪ್ಪು ಆಡು, ಹಣೆಯ ಮೇಲೆ ಬಿಳಿ ಮಚ್ಚೆ. ಮುಂಗಾಲು ಎತ್ತಿ ಸೀಟಿನ ಮೇಲೆ ಇಟ್ಟು..."

ಅಷ್ಟರಲ್ಲಿ ಅವರು ಎದ್ದು ಓಡಿಯಾಗಿತ್ತು. ನಾನು ಕಾರ್ಡಿನಲ್ಲಿ ಹಳೆಯ ನಂಬರನ್ನೇ ಬರೆದೆ.